"ನಮ್ಮ ಪಾಪ ರಾತ್ರಿ ಎಲ್ಲಿ ಮಲಗ್ತದೆ ಮೇಡಂ?": ವಸತಿ ಬೇಸಿಗೆ ಕಲಾ ಶಿಬಿರಕ್ಕೆ ವಿದ್ಯಾರ್ಥಿಯನ್ನು ಕಳಿಸುವ ಮುನ್ನ

ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆ, ಬೋಧನೋಪಕರಣ, ಘಟಕ ಪರೀಕ್ಷೆ ಎಲ್ಲಕ್ಕೂ ಸಿದ್ಧರಾಗಿ ಹೋಗುತ್ತಾರೆ. ಆದರೆ ಪ್ರತಿ ವರ್ಷ ಬರುವ ಒಂದು ಸಂದರ್ಭಕ್ಕೆ ನಾವು ಅವರನ್ನು ಸಿದ್ಧಪಡಿಸುವುದಿಲ್ಲ. ಮಾರ್ಚ್ ಹೊತ್ತಿಗೆ ಪ್ರೌಢಶಾಲೆಗಳಿಗೆ ಬೇಸಿಗೆ ಶಿಬಿರಗಳ ಕರಪತ್ರಗಳು ಬರತೊಡಗುತ್ತವೆ. ಚಿತ್ರಕಲೆ, ನಾಟಕ, ಜೇಡಿಮಣ್ಣಿನ ಕೆಲಸ, ಮುಖವಾಡ ತಯಾರಿ. ಹತ್ತು ದಿನ, ಹದಿನೈದು ದಿನ, ಊಟ ವಸತಿ ಸಹಿತ. ಚೆನ್ನಾಗಿ ಚಿತ್ರ ಬರೆಯುವ ಒಬ್ಬ ಹುಡುಗನೋ ಹುಡುಗಿಯೋ ಆ ಕರಪತ್ರ ಹಿಡಿದು ಬಂದು "ನಾನು ಹೋಗಬಹುದಾ ಮಿಸ್?" ಎಂದು ಕೇಳುತ್ತಾರೆ. ಶಾಲೆಯ ಕಾಯಂ ಶಿಕ್ಷಕರನ್ನು ಕೇಳುವುದಕ್ಕಿಂತ ಹೆಚ್ಚಾಗಿ ನಮ್ಮ ಪ್ರಶಿಕ್ಷಣಾರ್ಥಿಗಳನ್ನೇ ಕೇಳುತ್ತಾರೆ. ವಯಸ್ಸಿನಲ್ಲಿ ಹತ್ತಿರದವರು, ಬೈಯುವುದಿಲ್ಲ ಎಂಬ ಧೈರ್ಯ ಇರುತ್ತದೆ.

ಆಗ ಏನು ಹೇಳಬೇಕು, ಏನು ಮಾಡಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ನಾನು ಇದನ್ನು ಸರಿಯಾಗಿ ಮಾಡಿ ಕಲಿತವಳಲ್ಲ, ತಪ್ಪು ಮಾಡಿ ಕಲಿತವಳು. ಆದ್ದರಿಂದ ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಡೆದದ್ದು

ಕೆಲವು ವರ್ಷಗಳ ಹಿಂದೆ ಕೆಜಿಎಫ್‌ನ ಮಾರಿಕುಪ್ಪಂ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಮಾರ್ಗದರ್ಶನದ ಹೊಣೆ ನನ್ನದಾಗಿತ್ತು. ಅವರಲ್ಲೊಬ್ಬರು ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದರು. ಸಮಾಜ ವಿಜ್ಞಾನದ ಪಾಠಕ್ಕೆ ಊರಿನ ಇತಿಹಾಸ ಹೇಳುವ ಚಿತ್ರ ಬರೆದು ತನ್ನಿ ಎಂದು ಒಂಬತ್ತನೇ ತರಗತಿಗೆ ಹೇಳಿದ್ದರು. ಹೆಚ್ಚಿನ ಮಕ್ಕಳು ಪುಸ್ತಕದಲ್ಲಿದ್ದ ಚಿತ್ರ ನೋಡಿ ಬರೆದು ತಂದರು. ಒಬ್ಬ ಹುಡುಗಿ ಹಳೇ ಕ್ಯಾಲೆಂಡರಿನ ಹಿಂಬದಿಗೆ ಸಯನೈಡ್ ದಿಬ್ಬಗಳನ್ನು ಬರೆದಿದ್ದಳು. ಚಿನ್ನ ತೆಗೆದ ಮೇಲೆ ಉಳಿದ ಬೂದು ಮಣ್ಣಿನ ಆ ಗುಡ್ಡಗಳ ಮೇಲೆ ಮಳೆನೀರು ಕೊರೆದ ಗೀರುಗಳನ್ನು ಒಂದೊಂದಾಗಿ ಪೆನ್ಸಿಲಿನಲ್ಲಿ ಎಳೆದಿದ್ದಳು. ಮುಂದೆ ಶಾಫ್ಟಿನ ಚಕ್ರ, ಅದರ ಕೆಳಗೆ ಲೈನ್ ಮನೆಯ ಬಾಗಿಲಲ್ಲಿ ಕೂತ ತಾತ. ಪ್ರಶಿಕ್ಷಣಾರ್ಥಿ ಅದನ್ನು ನನಗೆ ತೋರಿಸಿದರು. ಮಾರನೇ ವಾರ ನೋಟಿಸ್ ಬೋರ್ಡಿನಲ್ಲಿ ವಸತಿ ಕಲಾ ಶಿಬಿರವೊಂದರ ಕರಪತ್ರ ಕಂಡಾಗ ಇಬ್ಬರಿಗೂ ಅದೇ ಹುಡುಗಿ ನೆನಪಾದಳು.

ಮನೆಗೆ ಹೋದೆವು. ತಂದೆ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋದವರು ರಾತ್ರಿಯೇ ಬರುವುದು. ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ನಾನು ಪ್ರತಿಭೆ, ಅವಕಾಶ, ಪ್ರಮಾಣಪತ್ರ ಎಂದು ಹತ್ತು ನಿಮಿಷ ಮಾತಾಡಿದೆ. ಅವರು ಮಿಷನ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡು, ತಮಿಳು ಬೆರೆತ ಕನ್ನಡದಲ್ಲಿ ಒಂದೇ ಮಾತು ಕೇಳಿದರು: "ನಮ್ಮ ಪಾಪ ರಾತ್ರಿ ಎಲ್ಲಿ ಮಲಗ್ತದೆ ಮೇಡಂ?"

ನಾನು ಹೇಳಿದ್ದು: "ಅದಕ್ಕೆಲ್ಲ ಅಲ್ಲಿ ವ್ಯವಸ್ಥೆ ಇರುತ್ತಮ್ಮ, ನೀವೇನೂ ಭಯಪಡಬೇಡಿ."

ಆ ಶಿಬಿರಕ್ಕೆ ನಾನು ಫೋನ್ ಕೂಡ ಮಾಡಿರಲಿಲ್ಲ. ಸಂಜೆ ನನ್ನ ಅವಲೋಕನ ಪುಸ್ತಕದಲ್ಲಿ "ಪೋಷಕರಲ್ಲಿ ಕಲೆಯ ಬಗ್ಗೆ ಅರಿವಿನ ಕೊರತೆ ಇದೆ" ಎಂದು ಬರೆದೆ. ಆ ಪುಟ ಇವತ್ತಿಗೂ ನನ್ನ ಬಳಿ ಇದೆ.

ಹುಡುಗಿ ಹೋದಳು. ಐದನೇ ದಿನ ತಂದೆ ಕೂಲಿ ಬಿಟ್ಟು ಹೋಗಿ ಕರೆದುಕೊಂಡು ಬಂದರು. ಆದದ್ದು ಇಷ್ಟು. ಹುಡುಗಿಯರೆಲ್ಲ ಒಂದು ಹಾಲಿನಲ್ಲಿ ಮಲಗುತ್ತಿದ್ದರು. ಶಿಬಿರದಲ್ಲಿದ್ದ ಹೆಂಗಸರು ಕತ್ತಲಾದ ಮೇಲೆ ತಮ್ಮ ಮನೆಗೆ ಹೋಗುತ್ತಿದ್ದರು. ಶೌಚಾಲಯ ಅಂಗಳದ ಆಚೆ, ಅಲ್ಲಿನ ಬಲ್ಬು ಹೋಗಿತ್ತು. ಫೋನುಗಳನ್ನು ಕಚೇರಿಯಲ್ಲಿಟ್ಟು ರಾತ್ರಿ ಬೀಗ ಹಾಕುತ್ತಿದ್ದರು. ಮೂರನೇ ರಾತ್ರಿ ಅವಳು ಮುಟ್ಟಾದಳು. ಯಾರಿಗೆ ಹೇಳಬೇಕೋ ತಿಳಿಯದೆ ಬೆಳಗಿನವರೆಗೆ ಕೂತೇ ಇದ್ದಳು. ಮರುದಿನ ಚಿತ್ರ ಬರೆಯಲಿಲ್ಲ, ಮಾತೂ ಆಡಲಿಲ್ಲ. ಸಂಜೆ ಅಡುಗೆಯವರ ಫೋನ್ ಕೇಳಿ ಪಡೆದು ಮನೆಗೆ ಮಾಡಿದಳು.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಕಲಿಸುತ್ತಿದ್ದವರು ಒಳ್ಳೆಯ ಕಲಾವಿದರೇ. "ಚಿತ್ರ ಚೆನ್ನಾಗಿ ಹೇಳ್ಕೊಡ್ತಿದ್ರು ಮಿಸ್, ರಾತ್ರಿ ಚೆನ್ನಾಗಿರಲಿಲ್ಲ" ಎಂದು ಹುಡುಗಿ ಪ್ರಶಿಕ್ಷಣಾರ್ಥಿಗೆ ಹೇಳಿದಳು. ನಾನು ಮನೆಗೆ ಹೋದಾಗ ತಾಯಿ ಬೈಯಲಿಲ್ಲ. ಟೀ ಕೊಟ್ಟು, "ನಾನು ಕೇಳಿದ್ನಲ್ಲ ಮೇಡಂ" ಎಂದರು, ಅಷ್ಟೇ. ಅರಿವಿನ ಕೊರತೆ ಇದ್ದದ್ದು ಯಾರಲ್ಲಿ ಎಂದು ನನಗೆ ಆಗ ತಿಳಿಯಿತು.

ಈ ಲೇಖನದ ಮುಖ್ಯ ಮಾತು ಇದೇ. ಪೋಷಕರ ಪ್ರಶ್ನೆಯನ್ನು ನಾವು ಹಿಂಜರಿಕೆ ಎಂದು, ಅಡ್ಡಿ ಎಂದು ಓದುತ್ತೇವೆ. ವಸತಿ ಶಿಬಿರದ ವಿಷಯದಲ್ಲಿ ಅದು ಶೈಕ್ಷಣಿಕ ಪ್ರಶ್ನೆ. ರಾತ್ರಿ ನೆಮ್ಮದಿಯಾಗಿ ಮಲಗದ ಮಗು ಹಗಲು ಚಿತ್ರ ಬರೆಯಲಾರದು. ನಮ್ಮ ಕೆಲಸ ಪೋಷಕರನ್ನು ಒಪ್ಪಿಸುವುದಲ್ಲ, ಅವರ ಪ್ರಶ್ನೆಗೆ ಉತ್ತರ ಹುಡುಕಿಕೊಡುವುದು.

ಹಾಗಾದರೆ ವಸತಿ ಶಿಬಿರವೇ ಯಾಕೆ?

ಇಷ್ಟು ತೊಂದರೆ ಇದ್ದರೆ ಬೇಡವೆಂದುಬಿಡಬಹುದಲ್ಲ ಎಂದು ಅಂದಿನಿಂದ ಹಲವು ಪ್ರಶಿಕ್ಷಣಾರ್ಥಿಗಳು ನನ್ನನ್ನು ಕೇಳಿದ್ದಾರೆ. ಬೇಡವೆನ್ನುವುದು ಸುಲಭ. ಆದರೆ ಅದರಿಂದ ಮಗು ಕಳೆದುಕೊಳ್ಳುವುದು ಏನೆಂದು ಲೆಕ್ಕ ಹಾಕಿ ನೋಡಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ಕಲಾ ಶಿಕ್ಷಣದ ಆಧಾರ ಪತ್ರ, ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಿರಬೇಕು ಎಂದು ಹೇಳುತ್ತದೆ. ನಾವು ಬೋಧನಾಭ್ಯಾಸಕ್ಕೆ ಹೋಗುವ ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ. ಇರುವ ಕಡೆಯೂ ವಾರಕ್ಕೆ ಒಂದು ಅವಧಿ ಸಿಕ್ಕರೆ ಹೆಚ್ಚು. ನಲವತ್ತು ನಿಮಿಷದ ಅವಧಿಯಲ್ಲಿ ಹಾಳೆ ಹಂಚಿ, ಪೆನ್ಸಿಲ್ ಚೂಪು ಮಾಡಿ, ಬಣ್ಣದ ನೀರು ತಂದು ಕೂರುವಷ್ಟರಲ್ಲಿ ಕಾಲು ಗಂಟೆ ಹೋಗಿರುತ್ತದೆ. ಹತ್ತು ದಿನದ ಶಿಬಿರದಲ್ಲಿ ದಿನಕ್ಕೆ 6 ಗಂಟೆಯಂತೆ 60 ಗಂಟೆ ಕೆಲಸ ನಡೆಯುತ್ತದೆ ಎನ್ನೋಣ. ಅದು 90 ಅವಧಿಗಳಿಗೆ ಸಮ. ವಾರಕ್ಕೊಂದರಂತೆ ಆದರೆ ಎರಡು ಶೈಕ್ಷಣಿಕ ವರ್ಷಗಳೂ ಸಾಲವು.

ದಿನದ ಶಿಬಿರದಲ್ಲೂ ಇಷ್ಟು ಗಂಟೆ ಸಿಗಬಹುದು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ, ಬಹಳ ಚೆನ್ನಾಗಿಯೇ ಕಲಿಯುತ್ತಾರೆ. ಹತ್ತಿರದಲ್ಲಿ ಒಳ್ಳೆಯ ದಿನದ ಶಿಬಿರ ಇದ್ದರೆ ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಮೊದಲು ಅದನ್ನೇ ಹೇಳಿ. ಆದರೆ ವಸತಿಯಿಂದ ಮೂರು ಸಂಗತಿಗಳು ಹೆಚ್ಚಾಗಿ ಸಿಗುತ್ತವೆ.

ಒಂದು, ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮರಳುವ ಅವಕಾಶ. ಬೆಳಿಗ್ಗೆ ಬರೆದ ಬಂಡೆಯನ್ನು ಸಂಜೆಯ ಬೆಳಕಲ್ಲಿ ಮತ್ತೆ ನೋಡಿ, ನೆರಳು ತಪ್ಪಾಗಿದೆ ಎಂದು ಕಂಡು, ಮರುದಿನ ತಿದ್ದಬಹುದು. ಎರಡು, ಕಲೆಯನ್ನೇ ಬದುಕು ಮಾಡಿಕೊಂಡವರ ಜೊತೆ ಊಟ, ನಡಿಗೆ, ಮಾತು. ಅವರು ಹೇಗೆ ಬೇಸರ ಪಡುತ್ತಾರೆ, ಕೆಟ್ಟ ಚಿತ್ರವನ್ನು ಹೇಗೆ ಪಕ್ಕಕ್ಕಿಡುತ್ತಾರೆ ಎಂಬುದು ತರಗತಿಯಲ್ಲಿ ಕಾಣುವುದಿಲ್ಲ. ಮೂರು, ಮನೆಯ ಪಾತ್ರದಿಂದ ಬಿಡುವು. ನಮ್ಮ ಕಡೆಯ ಹದಿನಾಲ್ಕು ವರ್ಷದ ಹುಡುಗಿ ರಜೆಯಲ್ಲಿ ನೀರು ಹಿಡಿಯುವವಳು, ತಮ್ಮನನ್ನು ನೋಡಿಕೊಳ್ಳುವವಳು. ಹತ್ತು ದಿನ ಅವಳು ಚಿತ್ರ ಬರೆಯುವವಳು ಮಾತ್ರ ಆಗಿರುತ್ತಾಳೆ.

ಬೇರೆ ಕಡೆಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ 1963ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಸರ್ಕಾರದ ವತಿಯಿಂದಲೇ ಬೇಸಿಗೆ ವಸತಿ ಶಾಲೆ ಶುರು ಮಾಡಿತು. ಚಿತ್ರಕಲೆ, ಸಂಗೀತ, ನಾಟಕ, ನೃತ್ಯವೂ ಅಲ್ಲಿನ ವಿಷಯಗಳು. ಅಂಕವಿಲ್ಲ, ದರ್ಜೆಯಿಲ್ಲ. ನಮ್ಮ ನಾಡಿನಲ್ಲಿ 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾಗ, ವಿದ್ಯಾರ್ಥಿಗಳು ಅಲ್ಲೇ ಉಳಿದು ಕಲಿಯುವ ಕ್ರಮವನ್ನೇ ಇಟ್ಟುಕೊಂಡಿತು. ಅವರು ನಮ್ಮ ಪ್ರೌಢಶಾಲಾ ಮಕ್ಕಳಿಗಿಂತ ದೊಡ್ಡವರು. ಆದರೂ ಕೂಡಿ ಬಾಳುತ್ತ ಕಲಿಯುವುದೆಂದರೇನು ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳಲು ಒಳ್ಳೆಯ ಉದಾಹರಣೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೋಲಾರದ ಅಂತರಗಂಗೆ ಬೆಟ್ಟಸಾಲಿನ ಮೇಲೆ ತೇರಹಳ್ಳಿಯ ಬಳಿ ಆದಿಮ ಸಾಂಸ್ಕೃತಿಕ ಕೇಂದ್ರ ಇದೆ. ದಲಿತ ಚಳವಳಿಯ ಹಾಡುಗಳನ್ನು ಬರೆದ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಡನೆ ಕಟ್ಟಿದ ಜಾಗ ಅದು. ಮಕ್ಕಳ ರಂಗಭೂಮಿ ಅಲ್ಲಿನ ಮುಖ್ಯ ಕೆಲಸಗಳಲ್ಲೊಂದು. ಹುಣ್ಣಿಮೆಯ ರಾತ್ರಿ ಊರವರು, ಹೊರಗಿನವರು ಎಲ್ಲ ಸೇರುವ "ಹುಣ್ಣಿಮೆ ಹಾಡು" ಕಾರ್ಯಕ್ರಮ ಅದರ ಗುರುತಾಗಿದೆ. ನಮ್ಮ ಮಕ್ಕಳ ಪೋಷಕರಿಗೆ ಕಲಾ ಶಿಬಿರ ಎಂದರೆ ಏನು ಎಂದು ಹತ್ತು ನಿಮಿಷ ವಿವರಿಸುವುದಕ್ಕಿಂತ, ಇಂಥದೊಂದು ರಾತ್ರಿ ಮಕ್ಕಳ ಜೊತೆಯಲ್ಲೇ ಅವರು ಹೋಗಿ ಕೂತು ನಾಟಕ ನೋಡಿ ಬರುವುದು ಹೆಚ್ಚು ತಿಳಿಸುತ್ತದೆ. ಜಾಗವನ್ನು ಕತ್ತಲಲ್ಲಿ ನೋಡಿದಂತೆಯೂ ಆಗುತ್ತದೆ.

ಯಾರನ್ನು ಕಳಿಸಬೇಕು?

ತರಗತಿಯಲ್ಲಿ ಅತಿ ಚೆನ್ನಾಗಿ ಚಿತ್ರ ಬರೆಯುವವರನ್ನು ಎಂದು ನಾವು ತಕ್ಷಣ ಹೇಳುತ್ತೇವೆ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಪಡೆದವರ ಪಟ್ಟಿಯೇ ನಮ್ಮ ಕೈಗೆ ಮೊದಲು ಸಿಗುವುದು. ಅದು ಸಾಲದು. ನಾನು ಈಗ ನೋಡುವುದು ಮೂರು ವಿಷಯ.

ಮಗು ತಾನಾಗಿಯೇ ಕೇಳಿದೆಯೇ? ನಾವು ಹೇಳಿದ್ದಕ್ಕೆ ಹೂಂ ಎಂದ ಮಗು ಬೇರೆ, ಕರಪತ್ರ ಹರಿದಿಟ್ಟುಕೊಂಡು ಮೂರು ದಿನ ಹಿಂದೆ ಸುತ್ತಿದ ಮಗು ಬೇರೆ. ನಾವು ಕಳಿಸಿದ ಹುಡುಗಿ ಮೊದಲ ವರ್ಷ ತಾನಾಗಿ ಕೇಳಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಯಾರೂ ಹೇಳದಿದ್ದರೂ ಬರೆಯುತ್ತದೆಯೇ? ನೋಟ್‌ಬುಕ್ಕಿನ ಕೊನೆಯ ಪುಟ ನೋಡಿದರೆ ತಿಳಿಯುತ್ತದೆ.

ಮನೆಯಿಂದ ಹೊರಗೆ ಒಂದು ರಾತ್ರಿಯಾದರೂ ಇದ್ದ ಅಭ್ಯಾಸ ಇದೆಯೇ? ಅಜ್ಜಿ ಮನೆ, ಚಿಕ್ಕಮ್ಮನ ಮನೆ, ಶಾಲಾ ಪ್ರವಾಸ ಯಾವುದಾದರೂ ಸರಿ. ಇಲ್ಲದಿದ್ದರೆ ಆ ವರ್ಷ ಮೊದಲು ಅದನ್ನು ಮಾಡಿಸಿ.

ಏಳು ಪ್ರಶ್ನೆಗಳು

ಮುಂದಿನ ವರ್ಷ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ ಮೇಲೆ ತಾನಾಗಿಯೇ ಬಂದು ಕೇಳಿದಳು: "ಬೇರೆ ಶಿಬಿರ ಇದ್ರೆ ಹೇಳಿ ಮೇಡಂ." ಆ ಸಲ ನಾನು ಕರಪತ್ರ ಹಿಡಿದು ಹೋಗಲಿಲ್ಲ, ಖಾಲಿ ಹಾಳೆ ಹಿಡಿದು ಹೋದೆ. ತಂದೆಗೆ ರಜೆ ಇದ್ದ ಭಾನುವಾರ ನಾಲ್ವರೂ ಕೂತು ಪ್ರಶ್ನೆ ಬರೆದೆವು. ಹೆಚ್ಚಿನವು ತಾಯಿಯವು. ಅವನ್ನೇ ಸ್ವಲ್ಪ ಹೊಂದಿಸಿ ಇಲ್ಲಿ ಕೊಡುತ್ತೇನೆ.

1. ರಾತ್ರಿ: ಹುಡುಗ ಹುಡುಗಿಯರು ಎಲ್ಲೆಲ್ಲಿ ಮಲಗುತ್ತಾರೆ? ಹುಡುಗಿಯರಿರುವಲ್ಲಿ ರಾತ್ರಿಯಿಡೀ ಉಳಿಯುವ ಮಹಿಳೆ ಯಾರು? "ಇರುತ್ತಾರೆ" ಎಂದರೆ ಸಾಲದು, ಹೆಸರು ಬೇಕು.

2. ದೇಹ: ಶೌಚಾಲಯ, ಸ್ನಾನದ ಮನೆ ಎಷ್ಟು ದೂರ, ಬೆಳಕಿದೆಯೇ, ಒಳಗಿನಿಂದ ಚಿಲಕ ಇದೆಯೇ? ಮುಟ್ಟಾದರೆ ಯಾರ ಬಳಿ ಹೋಗಬೇಕು, ಪ್ಯಾಡ್ ಎಲ್ಲಿರುತ್ತದೆ? ಜ್ವರ ಬಂದರೆ ಯಾವ ಆಸ್ಪತ್ರೆ, ವಾಹನ ಯಾವುದು?

3. ಸಂಪರ್ಕ: ಮಗು ದಿನಕ್ಕೆ ಒಮ್ಮೆ ಮನೆಯವರ ಜೊತೆ ಮಾತಾಡಬಹುದೇ? ಫೋನ್ ತೆಗೆದಿಡುವ ನಿಯಮ ತಪ್ಪಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಮಗುವಿಗೆ ಮನೆಯವರು ಬೇಕಾದರೆ ಯಾವ ಫೋನ್, ಯಾರ ಕೈಯಲ್ಲಿ?

4. ಜನ: ಎಷ್ಟು ಮಕ್ಕಳಿಗೆ ಎಷ್ಟು ಮಂದಿ ದೊಡ್ಡವರು? ಹೊರಗಿನವರು ಬಂದು ಹೋಗುತ್ತಾರೆಯೇ? ಕಲಿಸುವವರೊಬ್ಬರು ಒಂದು ಮಗುವನ್ನು ಒಂಟಿಯಾಗಿ ಕರೆದೊಯ್ಯಬಾರದು ಎಂಬ ನಿಯಮ ಇದೆಯೇ? ದೂರು ಹೇಳಬೇಕಾದರೆ ಯಾರಿಗೆ?

5. ಭಾಷೆ ಮತ್ತು ಊಟ: ಕೆಜಿಎಫ್‌ನ ಮಗು ಮನೆಯಲ್ಲಿ ತಮಿಳು ಅಥವಾ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದುತ್ತದೆ. ಶಿಬಿರದಲ್ಲಿ ಇಂಗ್ಲಿಷ್ ಮಾತ್ರ ಆಡಿದರೆ ಅದು ಮೂಲೆ ಸೇರುತ್ತದೆ. ಊಟದ ಪಂಕ್ತಿಯಲ್ಲಿ ಜಾತಿ ಕೇಳುವ ಜಾಗವಾದರೆ ಬೇರೇನೂ ಕೇಳಬೇಕಾಗಿಲ್ಲ, ಕಳಿಸಬೇಡಿ.

6. ಕಲೆ: ಒಂದು ಪೂರ್ತಿ ದಿನದ ವೇಳಾಪಟ್ಟಿ ಕೊಡುತ್ತಾರೆಯೇ? ಮಗು ತನ್ನದೇ ಚಿತ್ರ ಬರೆಯುತ್ತದೆಯೇ, ಕೊನೆಯ ದಿನದ ಪ್ರದರ್ಶನಕ್ಕಾಗಿ ನಕಲು ಮಾಡುತ್ತದೆಯೇ? ಬರೆದ ಚಿತ್ರ ಮಗುವಿಗೆ ವಾಪಸ್ ಸಿಗುತ್ತದೆಯೇ? ಮಕ್ಕಳ ಫೋಟೋ ತೆಗೆದು ಹಾಕುವುದಾದರೆ ಪೋಷಕರನ್ನು ಕೇಳುತ್ತಾರೆಯೇ?

7. ಹಣ: ಶುಲ್ಕದಲ್ಲಿ ಏನೇನು ಸೇರಿದೆ? ಬಣ್ಣ, ಹಾಳೆ, ಪ್ರಯಾಣ ಬೇರೆಯೇ? ರಿಯಾಯಿತಿ ಇದೆಯೇ? ಮಗು ಮಧ್ಯದಲ್ಲಿ ಬಂದರೆ ಏನು?

ಇವುಗಳನ್ನು ಇಟ್ಟುಕೊಂಡು ಮೂರು ಕಡೆ ಫೋನ್ ಮಾಡಿದೆ. ಎರಡು ಕಡೆಯವರು "ಎಲ್ಲ ವ್ಯವಸ್ಥೆ ಇದೆ ಮೇಡಂ" ಎಂದರು. ಒಂದು ವರ್ಷದ ಹಿಂದೆ ನಾನು ಹೇಳಿದ್ದೂ ಅದೇ ಮಾತು. ಮೂರನೆಯವರು ಒಂದೊಂದಕ್ಕೂ ಉತ್ತರ ಕೊಟ್ಟು, ಒಂದಕ್ಕೆ "ಅದನ್ನು ನಾವು ಯೋಚಿಸಿರಲಿಲ್ಲ, ಸರಿಮಾಡುತ್ತೇವೆ" ಎಂದರು. ತಾಯಿಯೂ ನಾನೂ ಹೋಗಿ ಜಾಗ ನೋಡಿ ಬಂದೆವು. ತಾಯಿ ಮೊದಲು ನೋಡಿದ್ದು ಶೌಚಾಲಯದ ಚಿಲಕ, ಆಮೇಲೆ ಅಡುಗೆಮನೆ, ಕೊನೆಗೆ ಗೋಡೆಯ ಮೇಲಿನ ಚಿತ್ರಗಳು. ಆ ಕ್ರಮ ಸರಿಯಾದದ್ದು ಎಂದು ನನಗೆ ಅನಿಸುತ್ತದೆ.

ಪೋಷಕರ ಜೊತೆ ಮಾತಾಡುವುದು

ನಮ್ಮ ಪ್ರದೇಶದ ಬದುಕು ಗೊತ್ತಿರಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಸಾವಿರಾರು ಮಂದಿಯ ದುಡಿಮೆ ರೈಲಿಗೆ ಬಿತ್ತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರೇ ನಮ್ಮ ಎಷ್ಟೋ ಮಕ್ಕಳ ತಂದೆ ತಾಯಿ. ಶಾಲಾ ಸಮಯದಲ್ಲಿ ಪೋಷಕರ ಸಭೆ ಕರೆದು "ಬಂದಿಲ್ಲ, ಆಸಕ್ತಿ ಇಲ್ಲ" ಎಂದು ಬರೆಯಬೇಡಿ. ಭಾನುವಾರ ಹೋಗಿ. ಇಬ್ಬರೂ ಇರುವಾಗ ಮಾತಾಡಿ. ಹುಡುಗಿಯ ವಿಷಯವಾದರೆ ಅಜ್ಜಿಯನ್ನೂ ಕೂರಿಸಿಕೊಳ್ಳಿ. ಕೊನೆಯ ಮಾತು ಎಷ್ಟೋ ಮನೆಗಳಲ್ಲಿ ಅವರದೇ.

"ಇದರಿಂದ ಏನು ಸಿಗುತ್ತದೆ?" ಎಂದು ಅವರು ಕೇಳಿಯೇ ಕೇಳುತ್ತಾರೆ. ಇದ್ದದ್ದನ್ನು ಹೇಳಿ. ಶಿಬಿರದ ಪ್ರಮಾಣಪತ್ರದಿಂದ ಕೆಲಸ ಸಿಗುವುದಿಲ್ಲ. ಮುಂದೆ ಆಸಕ್ತಿ ಉಳಿದರೆ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಪಿಯುಸಿ ಆದಮೇಲೆ ದೃಶ್ಯಕಲೆಯಲ್ಲಿ ಪದವಿ ಮಾಡಲು ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಮೊದಲಾದ ಕಾಲೇಜುಗಳಿವೆ. ಅದು ದೂರದ ಮಾತು. ಈಗ ಸಿಗುವುದು ಹತ್ತು ದಿನ ಒಂದೇ ಕೆಲಸದಲ್ಲಿ ಮುಳುಗುವ ಅನುಭವ. ಇಷ್ಟನ್ನೇ ಹೇಳಿದರೆ ಪೋಷಕರು ನಂಬುತ್ತಾರೆ. ಹೆಚ್ಚು ಹೇಳಿದರೆ ಅವರಿಗೆ ಗೊತ್ತಾಗುತ್ತದೆ.

ಬೇಡ ಎಂದರೆ ಒತ್ತಾಯ ಮಾಡಬೇಡಿ. ಮಗುವಿನ ಮುಂದೆ ಪೋಷಕರನ್ನು ತಪ್ಪಿತಸ್ಥರನ್ನಾಗಿ ಮಾಡಿದರೆ, ಶಿಬಿರ ಮುಗಿದ ಮೇಲೂ ಆ ಮನೆಯಲ್ಲಿ ಅದರ ಬಿಸಿ ಉಳಿಯುತ್ತದೆ.

ಮಗುವನ್ನು ಸಿದ್ಧಪಡಿಸುವುದು

ಹೊರಡುವ ಮುನ್ನ ಮಗುವಿನ ಜೊತೆ ಬೇರೆಯಾಗಿ ಮಾತಾಡಿ. ಮೊದಲ ಎರಡು ಮೂರು ರಾತ್ರಿ ಮನೆ ನೆನಪಾಗುತ್ತದೆ, ಅಳು ಬರಬಹುದು, ಅದು ಸಹಜ ಎಂದು ಮೊದಲೇ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಎಲ್ಲರೂ ತನಗಿಂತ ಚೆನ್ನಾಗಿ ಬರೆಯುತ್ತಾರೆ ಎಂದು ಅನಿಸುವ ದಿನವೂ ಬರುತ್ತದೆ ಎಂದು ಹೇಳಿ. ಶಾಲೆಯಲ್ಲಿ ಮೊದಲನೆಯವಳಾಗಿದ್ದವಳಿಗೆ ಅದು ರಾತ್ರಿಯ ಕತ್ತಲಿಗಿಂತ ಕಷ್ಟ.

ಮನೆ ನೆನಪಾಗುವುದಕ್ಕೂ ಹೆದರಿಕೆಗೂ ವ್ಯತ್ಯಾಸವಿದೆ ಎಂಬುದನ್ನು ತಿಳಿಸಬೇಕು. ನೆನಪು ಹಗಲಾದರೆ ತಗ್ಗುತ್ತದೆ. ಒಬ್ಬ ವ್ಯಕ್ತಿಯನ್ನೋ ಒಂದು ಜಾಗವನ್ನೋ ಕಂಡು ಆಗುವ ಹೆದರಿಕೆ ತಗ್ಗುವುದಿಲ್ಲ. ಎರಡನೆಯದಾದರೆ ಕಾರಣ ಹೇಳಬೇಕಾಗಿಲ್ಲ, ಕರೆದುಕೊಂಡು ಹೋಗಿ ಎಂದರೆ ಸಾಕು, ಯಾರೂ ಬೈಯುವುದಿಲ್ಲ ಎಂದು ಪೋಷಕರಿಂದಲೇ ಹೇಳಿಸಿ. ನಾವು ಒಂದು ಮಾತು ಗೊತ್ತುಮಾಡಿದ್ದೆವು. ಫೋನಿನಲ್ಲಿ ಅವಳು "ತಾತನಿಗೆ ಮಾತ್ರೆ ಕೊಟ್ರಾ?" ಎಂದರೆ ಯಾರೋ ಪಕ್ಕದಲ್ಲಿದ್ದಾರೆ, ಬಂದು ಕರೆದುಕೊಂಡು ಹೋಗಬೇಕು ಎಂದರ್ಥ. ಮನೆಯವರ ಎರಡು ಫೋನ್ ನಂಬರ್, ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಇರಬೇಕು. ಒಂದು ವಾರಕ್ಕೆ ಸಾಲುವಷ್ಟು ಪ್ಯಾಡ್, ಟಾರ್ಚು, ಮಾಮೂಲಿ ಹೊದಿಕೆ ಚೀಲದಲ್ಲಿರಲಿ.

ಪ್ರಶಿಕ್ಷಣಾರ್ಥಿಯ ಮಿತಿ

ಉತ್ಸಾಹ ನಮ್ಮನ್ನು ಮಿತಿ ದಾಟಿಸುತ್ತದೆ. ಆದ್ದರಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಪ್ರಶಿಕ್ಷಣಾರ್ಥಿ ತಾನೇ ಮಗುವನ್ನು ಕರೆದುಕೊಂಡು ಹೋಗಬಾರದು, ತನ್ನ ಹೆಸರಿನಲ್ಲಿ ಅರ್ಜಿ ತುಂಬಬಾರದು, ಶುಲ್ಕ ಕಟ್ಟಬಾರದು. ಮುಖ್ಯಶಿಕ್ಷಕರಿಗೆ ಮೊದಲು ತಿಳಿಸಬೇಕು. ಒಪ್ಪಿಗೆ ಪೋಷಕರ ಸಹಿಯೊಂದಿಗೆ ಬರಹದಲ್ಲಿರಬೇಕು. ನಮ್ಮ ಇಂಟರ್ನ್‌ಶಿಪ್ ಅವಧಿ ಮುಗಿದು ನಾವು ಹೊರಟುಬಿಡುತ್ತೇವೆ, ಶಿಬಿರ ಅದರ ನಂತರ ನಡೆಯುತ್ತದೆ. ಹಾಗಾಗಿ ಮಗುವಿನ ಜವಾಬ್ದಾರಿಯನ್ನು ಶಾಲೆಯ ಒಬ್ಬ ಕಾಯಂ ಶಿಕ್ಷಕರಿಗೆ ವಹಿಸಿಯೇ ಹೋಗಬೇಕು.

ಮಗು ಹಿಂದಿರುಗಿ ಬಂದು ಯಾರೋ ಕೆಟ್ಟದಾಗಿ ನಡೆದುಕೊಂಡರು ಎಂದು ನಿಮ್ಮ ಬಳಿ ಹೇಳಿದರೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಪ್ರಶಿಕ್ಷಣಾರ್ಥಿಯೂ ಇದಕ್ಕೆ ಹೊರತಲ್ಲ.

ಹಿಂದಿರುಗಿದ ಮೇಲೆ

ಎರಡನೇ ಸಲ ಹುಡುಗಿ ಹತ್ತು ದಿನವೂ ಇದ್ದಳು. ಎರಡನೇ ರಾತ್ರಿ ಅತ್ತಳಂತೆ, ಅಲ್ಲಿನ ಮೇಡಂ ಒಬ್ಬರು ಪಕ್ಕದಲ್ಲಿ ಕೂತಿದ್ದರಂತೆ. ದೊಡ್ಡ ದೊಡ್ಡ ಹಾಳೆಗಳ ಸುರುಳಿ ಹೊತ್ತು ಬಂದಳು. ಇದ್ದಿಲಿನಲ್ಲಿ ಬರೆದ ಚಿತ್ರಗಳು, ಒಂದೊಂದೂ ಅರ್ಧ ಬಾಗಿಲಿನಷ್ಟು. ನೋಡಲು ಹೋದಾಗ ತಾಯಿ ಇನ್ನೊಂದು ಪ್ರಶ್ನೆ ಕೇಳಿದರು: "ಈಗ ಇವಳು ಎಲ್ಲಿ ಕೂತು ಬರೀಬೇಕು ಮೇಡಂ?"

ಲೈನ್ ಮನೆಯ ಒಂದು ಕೋಣೆಯಲ್ಲಿ ಐದು ಜನ. ನೆಲದ ಮೇಲೆ ಹಾಳೆ ಹಾಸಿದರೆ ಮಲಗಲು ಜಾಗವಿಲ್ಲ. ಇದ್ದಿಲ ಪುಡಿ ಹೊಲಿಗೆಯ ಬಟ್ಟೆಗೆ ಹತ್ತುತ್ತದೆ. ಶಿಬಿರ ಒಂದು ಆಸೆಯನ್ನು ಹುಟ್ಟಿಸಿ ಕಳಿಸಿತ್ತು, ಅದಕ್ಕೆ ಜಾಗ ಇರಲಿಲ್ಲ. ಮೊದಲ ಪ್ರಶ್ನೆಯ ಹಾಗೆ ಇದಕ್ಕೂ ನಾನು ಸಿದ್ಧಳಾಗಿರಲಿಲ್ಲ. ಈ ಸಲ "ಏನಾದರೂ ವ್ಯವಸ್ಥೆ ಆಗುತ್ತೆ" ಎನ್ನಲಿಲ್ಲ. "ಗೊತ್ತಿಲ್ಲಮ್ಮ, ಕೇಳಿ ಬರ್ತೀನಿ" ಎಂದೆ.

ಮುಖ್ಯಶಿಕ್ಷಕರು ಶನಿವಾರ ಮಧ್ಯಾಹ್ನ ಶಾಲೆಯ ಜಗಲಿ ಬಿಟ್ಟುಕೊಟ್ಟರು. ಹಳೇ ಬೆಂಚು ಎರಡು ಜೋಡಿಸಿ ಮೇಜು ಮಾಡಿದೆವು. ಆ ವರ್ಷದ ಪ್ರಶಿಕ್ಷಣಾರ್ಥಿಗಳು ಅದನ್ನು ತಮ್ಮ ಸಹಪಠ್ಯ ಚಟುವಟಿಕೆಯಾಗಿ ತೆಗೆದುಕೊಂಡರು. ಹುಡುಗಿ ಶಾಲೆ ಬಿಟ್ಟು ಪಿಯುಸಿಗೆ ಸೇರಿದ್ದರೂ ಕೆಲವು ತಿಂಗಳು ಬಂದಳು, ಎಂಟನೇ ತರಗತಿಯ ಮೂರು ನಾಲ್ಕು ಮಕ್ಕಳಿಗೆ ತಾನು ಕಲಿತದ್ದನ್ನು ತೋರಿಸಿದಳು. ಆಮೇಲೆ ಟ್ಯೂಷನ್ ಶುರುವಾಗಿ ಬರುವುದು ಕಡಿಮೆಯಾಯಿತು. ಅವಳು ಕಲಾವಿದೆಯಾಗುತ್ತಾಳೋ ಇಲ್ಲವೋ, ಅದು ಅವಳ ವಿಷಯ. ಜಗಲಿಯ ಮೇಜು ಮಾತ್ರ ಉಳಿದಿದೆ.

ಆದ್ದರಿಂದ ಶಿಬಿರಕ್ಕೆ ಮುನ್ನವೇ ಮೂರು ವಿಷಯ ನಿಶ್ಚಯ ಮಾಡಿಕೊಳ್ಳಿ: ಹಿಂದಿರುಗಿದ ಮಗು ವಾರಕ್ಕೊಮ್ಮೆಯಾದರೂ ಕೂತು ಬರೆಯಲು ಜಾಗ, ತಂದ ಚಿತ್ರಗಳನ್ನು ಇಡಲು ಒಂದು ಪೆಟ್ಟಿಗೆ ಅಥವಾ ಕೃತಿಸಂಪುಟ, ಅವುಗಳ ಬಗ್ಗೆ ಅಂಕ ಕೊಡದೆ ಮಾತಾಡುವ ಒಬ್ಬ ದೊಡ್ಡವರು. ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸುವುದರಿಂದ ಈ ಯಾವುದೂ ಸಿಗುವುದಿಲ್ಲ.

ಕಾಲೇಜಿನಲ್ಲಿ ಮಾಡಬಹುದಾದ ಅಭ್ಯಾಸ

ಎರಡು ವರ್ಷದ ಬಿ.ಇಡಿ.ಯಲ್ಲಿ "ಶಿಕ್ಷಣದಲ್ಲಿ ನಾಟಕ ಮತ್ತು ಕಲೆ" ಎಂಬ ಭಾಗ ಇದೆ. ಇದಕ್ಕೆ ಅಲ್ಲೊಂದು ಜಾಗ ಮಾಡಿಕೊಳ್ಳಬಹುದು. ಅಣುಬೋಧನೆಯ ಮಾದರಿಯಲ್ಲೇ ನಾವು ಇದನ್ನು ಮಾಡಿಸುತ್ತಿದ್ದೇವೆ. ಒಬ್ಬರು ಶಿಕ್ಷಕಿ, ಒಬ್ಬರು ತಾಯಿ, ಒಬ್ಬರು ಅಜ್ಜಿ. ಹತ್ತು ನಿಮಿಷ ಸಂಭಾಷಣೆ. ಉಳಿದವರ ಅವಲೋಕನ ಪಟ್ಟಿಯಲ್ಲಿ ಮೂರು ಕಾಲಂ: ಪೋಷಕರು ಕೇಳಿದ ಪ್ರಶ್ನೆ, ಅದಕ್ಕೆ ಸಿಕ್ಕ ಮಾಹಿತಿ, ಅದಕ್ಕೆ ಸಿಕ್ಕ ಸಮಾಧಾನದ ಮಾತು. ಮೊದಲ ಸುತ್ತಿನಲ್ಲಿ ಮೂರನೇ ಕಾಲಂ ತುಂಬಿ ಎರಡನೆಯದು ಖಾಲಿ ಉಳಿಯುತ್ತದೆ. ಅದನ್ನು ನೋಡಿ ಎಲ್ಲರೂ ನಗುತ್ತಾರೆ. ಆಗ ನನ್ನ ಅವಲೋಕನ ಪುಸ್ತಕದ ಆ ಹಳೆಯ ಪುಟ ತೆರೆದು ಓದುತ್ತೇನೆ. ನಗು ನಿಲ್ಲುತ್ತದೆ, ಎರಡನೇ ಸುತ್ತು ಶುರುವಾಗುತ್ತದೆ.